ತಿಳಿನೀಲಿ ಕೋಟಿನ ರಫೂ

ಗಡಿಯಾರದ ಬೀದಿಯಲ್ಲಿ ಎಲ್ಲರೂ ಅವಳನ್ನು ರಫೂ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡು ಒಂದು ಮೇಜು, ಗೋಡೆಗೆ ಹೊಡೆದ ಹಲಗೆಗಳ ಮೇಲೆ ಬಣ್ಣಬಣ್ಣದ ನೂಲಿನ ಉಂಡೆಗಳು, ಗಿರಾಕಿಗೆ ಕೂರಲು ಒಂದು ಕುರ್ಚಿ. ಇಲಿ ಕಡಿದದ್ದು, ಮೊಳೆಗೆ ಸಿಕ್ಕಿ ಹರಿದದ್ದು, ನುಸಿ ತಿಂದದ್ದು, ಇಸ್ತ್ರಿಪೆಟ್ಟಿಗೆ ಸುಟ್ಟದ್ದು, ಏನೇ ತಂದು ಕೊಟ್ಟರೂ ಅವಳು ಮೊದಲು ಆ ಬಟ್ಟೆಯ ನೇಯ್ಗೆಯನ್ನು ಬೆರಳಲ್ಲಿ ಓದುತ್ತಿದ್ದಳು. ಆಮೇಲೆ ಎಳೆಯ ಮೇಲೊಂದು ಎಳೆ, ಕೆಳಗೊಂದು ಎಳೆ ಹಾಯಿಸುತ್ತ ತೂತನ್ನು ಮತ್ತೆ ಬಟ್ಟೆಯನ್ನಾಗಿ ಮಾಡುತ್ತಿದ್ದಳು. ತೇಪೆ ಕಂಡರೂ ನಡೆದೀತು, ರಫೂ ಕಾಣಬಾರದು. ಅವಳದು ಕಾಣುತ್ತಿರಲಿಲ್ಲ.

ಮನೆಯ ಹಿಂಭಾಗದಲ್ಲಿ ಅವಳ ಮೈದುನನ ಮುದ್ರಣದ ಕೆಲಸ. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಮೈದುನ ತನ್ನ ಮದುವೆಯ ಮಾತನ್ನೇ ಎತ್ತಲಿಲ್ಲ. ಅಣ್ಣನ ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗಿದ, ಶಾಲೆಗೆ ಬಿಟ್ಟುಬಂದ, ಜ್ವರ ಬಂದರೆ ತಲೆದೆಸೆಯಲ್ಲಿ ಕೂತ. ಬೀದಿಯವರು ಏನೇನೋ ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕಲಾದೀತೆ ಎಂದು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಅತ್ತಿಗೆಯ ಮಾತಿಗೆ ಎದುರಾಡಿದವನಲ್ಲ, ಅವಳು ಅವನನ್ನು ತಮ್ಮನಿಗಿಂತ ಕಡಿಮೆ ಕಂಡವಳಲ್ಲ.

ತಿಂಗಳಿಗೆ ಎರಡು ಸೋಮವಾರ ರಫೂ ಅಕ್ಕ ಅರಮನೆಗೆ ಹೋಗುತ್ತಿದ್ದಳು. ಹಿಂಬಾಗಿಲು, ಕಬ್ಬಿಣದ ಮೆಟ್ಟಿಲು, ಬಟ್ಟೆಯ ಕೋಣೆ, ಅಷ್ಟೇ ಅವಳು ಕಂಡ ಅರಮನೆ. ಒಂದು ಸೋಮವಾರ ಆ ಕೋಣೆಗೆ ಕಿರಿರಾಣಿ ತಾನೇ ಬಂದಳು. ಬಂದವಳು ಬಾಗಿಲನ್ನು ಬೆನ್ನಿನಿಂದ ಮುಚ್ಚಿ, ತೋಳಿನಡಿ ಸುತ್ತಿಟ್ಟುಕೊಂಡಿದ್ದ ಕೋಟನ್ನು ಮೇಜಿನ ಮೇಲೆ ಬಿಡಿಸಿದಳು. ತಿಳಿನೀಲಿ ಬಣ್ಣದ ಉಣ್ಣೆಯ ಕೋಟು. ಎಡ ಎದೆಯ ಹತ್ತಿರ ಕಡಲೆಕಾಳಿನಷ್ಟು ದೊಡ್ಡ ತೂತು.

"ನೀವೇ ಅಲ್ವಾ ರಫೂ ಮಾಡೋರು? ಸ್ವಲ್ಪ ನೋಡಿ. ಬೈಬೇಡಿ ಮತ್ತೆ."

ರಫೂ ಅಕ್ಕ ಬಗ್ಗಿ ಮೂಸಿದಳು. "ಬೆಂಕಿ ತಾಗಿದೆಯಲ್ಲಮ್ಮ."

"ಸಿಗರೇಟು," ಎಂದಳು ಕಿರಿರಾಣಿ. ಹೇಳಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಕೆಮ್ಮಿಗೆ ತಿರುಗಿತು.

ರಫೂ ಅಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಸ್ಪತ್ರೆಯ ಗೋಡೆಗಳ ಮೇಲೆ ಇದೇ ಮುಖವಿತ್ತು. ಹೊಗೆಸೊಪ್ಪು ಮುಟ್ಟಬೇಡಿ ಎಂದು ಊರೂರು ತಿರುಗಿ ಮಕ್ಕಳ ಕೈಯಲ್ಲಿ ಆಣೆ ಮಾಡಿಸುತ್ತಿದ್ದವಳು ಇವಳೇ. ರಫೂ ಅಕ್ಕನ ಮಗಳೂ ಶಾಲೆಯಲ್ಲಿ ಎದ್ದುನಿಂತು ಆ ಆಣೆ ಮಾಡಿ ಬಂದಿದ್ದಳು.

"ಬಿಡಬೇಕು ಅಂತಾನೇ ಇದೀನಿ. ಆಗ್ತಾ ಇಲ್ಲ," ಎಂದಳು ಕಿರಿರಾಣಿ. "ಯಾರಿಗೂ ಹೇಳಬೇಡಿ."

"ಸತ್ತರೂ ಹೇಳಲ್ಲಮ್ಮ."

ಕೋಟಿನ ಒಳಮಡಿಕೆಯಲ್ಲಿ ರಫೂಗೆ ಬೇಕಾದ ಎಳೆ ಕಿತ್ತುಕೊಳ್ಳಲು ಹೆಚ್ಚಿಗೆ ಬಟ್ಟೆಯಿರಲಿಲ್ಲ. ರಫೂ ಅಕ್ಕ ಮನೆಗೆ ಬಂದು ತನ್ನದೇ ಉಣ್ಣೆ ನೂಲಿಗೆ ಬಣ್ಣ ಕಟ್ಟಿದಳು. ಮೂರು ಸಲ ಅದ್ದಿ, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿ, ನಾಲ್ಕನೆಯ ಸಲ ಸರಿಹೋಯಿತು. ಮುಂದಿನ ಸೋಮವಾರ ಕೋಟನ್ನು ಕೊಟ್ಟಾಗ ಕಿರಿರಾಣಿಗೆ ತೂತು ಎಲ್ಲಿತ್ತೆಂದು ಹುಡುಕಲಾಗಲಿಲ್ಲ. "ಅಯ್ಯೋ, ನೀವು ಮಾಟಗಾತಿ," ಎಂದು ಅವಳ ಎರಡೂ ಕೈ ಹಿಡಿದುಕೊಂಡಳು.

ನಾಲ್ಕು ತಿಂಗಳಾದ ಮೇಲೆ, ಒಂದು ಶಾಲೆಯ ಹೊಸ ಕಟ್ಟಡದ ಉದ್ಘಾಟನೆಗೆಂದು ಹೋಗುತ್ತಿದ್ದಾಗ, ನಡುಮಧ್ಯಾಹ್ನ, ಕಾರಿನ ಹಿಂದಿನ ಸೀಟಿನಲ್ಲಿ ಕಿರಿರಾಣಿ ತಲೆ ವಾಲಿಸಿದಳು. ಮತ್ತೆ ಎತ್ತಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು ವೈದ್ಯರು. ಆಕೆಗೆ ಮೂವತ್ತೊಂದು ವರ್ಷ. ಕಾರಿನಲ್ಲಿದ್ದವರು ಇನ್ನಿಬ್ಬರೇ, ಓಡಿಸುತ್ತಿದ್ದ ವಯಸ್ಸಾದ ಚಾಲಕ ಮತ್ತು ಅವನ ಪಕ್ಕದಲ್ಲಿ ಕೂತಿದ್ದ ಅಂಗರಕ್ಷಕ. ಚಾಲಕ ಆ ಕೊರಗಿನಲ್ಲೇ ವರ್ಷ ತುಂಬುವ ಮೊದಲು ಹೋಗಿಬಿಟ್ಟ. ಉಳಿದವನು ಅಂಗರಕ್ಷಕ ಒಬ್ಬ.

ಊರು ಅತ್ತಿತು. ಅಂಗಡಿ ಬಾಗಿಲುಗಳು ವಾರಗಟ್ಟಲೆ ತೆರೆಯಲಿಲ್ಲ. ಪರಿಚಯವೇ ಇಲ್ಲದವರು ಬಸ್ಸಿನಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ಮೂವತ್ತೊಂದು ವರ್ಷದ, ನಗುನಗುತ್ತಿದ್ದ ಹೆಣ್ಣುಮಗಳು ಹಾಗೆ ಸುಮ್ಮನೆ ತಲೆ ವಾಲಿಸಿ ಹೋಗುವುದೆಂದರೇನು? ಅಷ್ಟು ದೊಡ್ಡ ದುಃಖಕ್ಕೆ ಅಷ್ಟು ಸಣ್ಣ ಕಾರಣವೆ? ಜನಕ್ಕೆ ಒಪ್ಪಿಗೆಯಾಗಲಿಲ್ಲ. ಕಾರು ಹಾದುಹೋದ ರಸ್ತೆಯ ಹೂವಿನಂಗಡಿಯವಳು, ಅದೇ ಹೊತ್ತಿಗೆ ತನಗೊಂದು ಸದ್ದು ಕೇಳಿಸಿತ್ತು ಎಂದಳು. ಮರುವರ್ಷ ಅದೇ ಸದ್ದು ಕೇಳಿದವರು ಹತ್ತು ಜನರಾದರು. ಐದು ವರ್ಷಕ್ಕೆ ಅರ್ಧ ಊರು ಕೇಳಿತ್ತು. ಆ ದಿನ ಆ ರಸ್ತೆಯಿಂದ ಎರಡು ಮೈಲು ದೂರದ ತನ್ನ ಮೇಜಿನ ಮುಂದೆ ಸೂಜಿ ಹಿಡಿದು ಕೂತಿದ್ದ ರಫೂ ಅಕ್ಕನಿಗೂ ಒಮ್ಮೊಮ್ಮೆ, ಹೌದಲ್ಲ, ಏನೋ ಢಂ ಅಂದಹಾಗಿತ್ತಲ್ಲ ಎನ್ನಿಸುತ್ತಿತ್ತು. ಆಮೇಲೆ ತನಗೆ ತಾನೇ ಹೆದರಿಕೊಳ್ಳುತ್ತಿದ್ದಳು.

ಆ ದಿನ ಕಿರಿರಾಣಿ ತೊಟ್ಟಿದ್ದ ಅದೇ ತಿಳಿನೀಲಿ ಕೋಟನ್ನು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮೇಲಿನಿಂದ ದೀಪ ಬಿಟ್ಟರು. ಜನ ಸಾಲುಗಟ್ಟಿ ನೋಡಿದರು. ಏಳು ವರ್ಷ ಆ ದೀಪ ಉರಿಯಿತು. ಬೆಳಕಿಗೆ ಕೋಟಿನ ನೀಲಿ ದಿನದಿನಕ್ಕೂ ಬಿಳಿಚಿಕೊಳ್ಳುತ್ತ ಬಂತು. ಬಿಳಿಚಿಕೊಳ್ಳದೆ ಉಳಿದದ್ದು ರಫೂ ಅಕ್ಕ ಕಟ್ಟಿದ ಬಣ್ಣ ಮಾತ್ರ. ಕೈಕೆಲಸ ಅಷ್ಟು ಗಟ್ಟಿಯಾಗಿತ್ತು, ಅದೇ ಮುಳುವಾಯಿತು. ಎಡ ಎದೆಯ ಹತ್ತಿರ, ಹೃದಯ ಇರುವ ಕಡೆ, ಕಡಲೆಕಾಳಿನಷ್ಟು ದೊಡ್ಡದಾದ, ದುಂಡನೆಯ, ಸುತ್ತಲಿಗಿಂತ ಗಾಢ ನೀಲಿಯ ಕಲೆಯೊಂದು ಗಾಜಿನಾಚೆಯಿಂದ ಕಾಣತೊಡಗಿತು.

ಯಾರೋ ಅದರ ಫೋಟೋ ತೆಗೆದು ದೊಡ್ಡದು ಮಾಡಿದರು. ಫೋನಿನಿಂದ ಫೋನಿಗೆ ಹಾರಿತು. ಗುಂಡಿನ ತೂತು! ಹೊಲಿದು ಮುಚ್ಚಿದ್ದಾರೆ!

ಆ ಫೋಟೋವನ್ನು ಮನೆಗೆ ತಂದವನು ಮೈದುನನೇ. ಕಿರಿರಾಣಿ ಒಮ್ಮೆ ಬೀದಿಗೆ ಬಂದಿದ್ದಾಗ, ಅವನು ಮಸಿಗೈಯನ್ನು ಹಿಂದೆ ಮರೆಸಿಕೊಂಡರೂ ಬಿಡದೆ, ಎಳೆದು ಹಿಡಿದು ಕುಲುಕಿದ್ದಳು. ಆಕೆಯ ಬಿಳಿಯ ಕೈಚೀಲಕ್ಕೆ ಅವನ ಬೆರಳಿನ ಗುರುತು ಹತ್ತಿತ್ತು. ಅದನ್ನು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಈಗ ಅವನು ಫೋಟೋವನ್ನು ಅವಳ ಮೇಜಿನ ಮೇಲಿಟ್ಟು, ಭೂತಗನ್ನಡಿ ಕೈಗೆ ಕೊಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು.

"ಅತ್ತಿಗೆ, ನೀವೇ ಹೇಳಿ. ಇದು ರಫೂ ಹೌದೋ ಅಲ್ವೋ?"

ರಫೂ ಅಕ್ಕನಿಗೆ ತನ್ನ ಕೈಯ ಎಳೆಗಳು ಗುರುತು ಸಿಕ್ಕವು. ಹೆತ್ತ ಮಗುವಿನ ಮುಖದಷ್ಟೇ ಸ್ಪಷ್ಟವಾಗಿ ಸಿಕ್ಕವು. ಅಲ್ಲ ಎನ್ನಲು ಅವಳ ಕಸುಬು ಬಿಡಲಿಲ್ಲ.

"ರಫೂ ಹೌದು," ಎಂದಳು.

"ಯಾರು ಮಾಡಿರಬಹುದು?"

ಕೊಟ್ಟ ಮಾತು ನೆನಪಾಯಿತು. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕೈ ಅಡ್ಡ ಹಿಡಿದು ನಕ್ಕ ಮುಖ ನೆನಪಾಯಿತು.

"ನನಗೆ ಗೊತ್ತಿಲ್ಲ."

ಅಷ್ಟೇ. ಮರುವಾರ ಮೈದುನ ಅಚ್ಚುಹಾಕಿದ ಪುಸ್ತಿಕೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬಂತು: "ಅದು ರಫೂ ಎಂದು ಮೂವತ್ತು ವರ್ಷ ಅನುಭವವಿರುವ ರಫೂಗಾರ್ತಿಯೇ ದೃಢಪಡಿಸಿದ್ದಾರೆ." ಅಲ್ಲಿಯವರೆಗೆ ಗಾಳಿಮಾತಾಗಿದ್ದಕ್ಕೆ ಅವಳ ಎರಡು ಪದವೇ ಅಡಿಪಾಯವಾಯಿತು. ಪ್ರತಿ ಭಾನುವಾರ ಬೆಳಗ್ಗೆ ಅವಳ ಅಂಗಡಿಯಲ್ಲೇ ಸಭೆ. ಪುಸ್ತಿಕೆಯ ಕಟ್ಟುಗಳು ಮೊದಲು ಮುದ್ರಣದ ಕೋಣೆಯಲ್ಲಿದ್ದವು, ಆಮೇಲೆ ನಡುಮನೆಗೆ ಬಂದವು, ಆಮೇಲೆ ಅವಳ ಮಂಚದ ಕೆಳಗೆ. ಅವಳು ಬಂದವರಿಗೆಲ್ಲ ಚಹಾ ಕೊಟ್ಟಳು. "ಇವರೇ ನೋಡಿ ದೃಢಪಡಿಸಿದ ಅಕ್ಕ," ಎಂದು ಅವರು ಒಬ್ಬರಿಗೊಬ್ಬರು ತೋರಿಸಿಕೊಂಡರು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಗಿತ್ತು ಅವಳ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಗುಂಡಿನ ತೂತಿದ್ದರೆ ಗುಂಡು ಹೊಡೆದವನೊಬ್ಬ ಇರಬೇಕಲ್ಲ. ಕಾರಿನಲ್ಲಿ ಪಿಸ್ತೂಲು ಇದ್ದದ್ದು ಒಬ್ಬನ ಬಳಿ ಮಾತ್ರ. ಮೂರನೆಯ ಪುಸ್ತಿಕೆಯಲ್ಲಿ ಅಂಗರಕ್ಷಕನ ಫೋಟೋ ಬಂತು. ನಾಲ್ಕನೆಯದರಲ್ಲಿ ಅವನು ಈಗ ಯಾವ ಬಡಾವಣೆಯಲ್ಲಿ ಇದ್ದಾನೆಂಬುದೂ ಬಂತು.

ಅದಾಗಿ ಒಂದು ತಿಂಗಳಿಗೆ, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ, ಎತ್ತರದ ಆಳೊಬ್ಬ ಅಂಗಡಿಗೆ ಬಂದ. ಕೈಯಲ್ಲಿ ತೋಳು ಕಿತ್ತ ಉಣ್ಣೆಯಂಗಿ. ಟೋಪಿ ತೆಗೆಯುವವರೆಗೆ ಅವಳಿಗೆ ಗುರುತು ಸಿಗಲಿಲ್ಲ. ತೆಗೆದ ಮೇಲೆ ಅವಳ ಸೂಜಿ ನಿಂತಿತು.

"ಮಾರ್ಕೆಟ್ಟಲ್ಲಿ ಹಿಡಿದು ಎಳೆದಾಡಿದ್ರು," ಎಂದ ಅಂಗರಕ್ಷಕ. "ಆಗುತ್ತಾ ನೋಡಿ ಅಕ್ಕ. ಹೆಂಡತಿ ಹೆಣೆದದ್ದು." ಹಿಂದಿನ ಕೋಣೆಯಿಂದ ಯಂತ್ರದ ಕಟಕಟ ಕೇಳುತ್ತಿತ್ತು. ಏನು ಅಚ್ಚಾಗುತ್ತಿದೆಯೆಂದು ಅವನಿಗೆ ಗೊತ್ತಿರಲೇಬೇಕು. ಕುರ್ಚಿಯಲ್ಲಿ ಕೂತು ದನಿ ತಗ್ಗಿಸಿದ. "ಇನ್ನೊಂದು ಕೇಳೋಕೆ ಬಂದೆ. ಪುಸ್ತಕದಲ್ಲಿ ಬರೆದಿರೋದು ನಿಮ್ಮ ಬಗ್ಗೇನೆ ಅಲ್ವಾ? ನಾನು ಅವರ ಮುಂದೇನೇ ಕೂತಿದ್ದೋನು. ಗುಂಡೂ ಇಲ್ಲ, ಗುಂಡಿನ ತಾಯೀನೂ ಇಲ್ಲ. ಆದರೂ ಆ ತೂತು ನೋಡಿ ನೋಡಿ ನನಗೇ ತಲೆ ಕೆಟ್ಟಿದೆ. ಅದು ಎಲ್ಲಿಂದ ಬಂತು? ನಿಮಗೆ ಏನನ್ಸುತ್ತೆ?"

ರಫೂ ಅಕ್ಕ ಉಣ್ಣೆಯಂಗಿಯನ್ನು ಮಡಿಲಲ್ಲಿ ಮಡಿಸಿದಳು, ಬಿಡಿಸಿದಳು. "ಅವರ ಜೊತೆ ನೀವು ಎಷ್ಟು ವರ್ಷ ಇದ್ರಿ?"

"ಆರು."

"ಹಾಗಿದ್ರೆ ಬೆಂಕಿಪೊಟ್ಟಣ ಯಾರ ಜೇಬಲ್ಲಿ ಇರ್ತಿತ್ತು ಅಂತ ನಿಮಗೆ ಗೊತ್ತಿರಬೇಕು."

ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು.

"ನನ್ನ ಜೇಬಲ್ಲಿ," ಎಂದ. "ಸಿಗರೇಟು ಪ್ಯಾಕು ಕೂಡ."

ಹೀಗೆ ಒಂದೇ ಗುಟ್ಟನ್ನು ಎರಡು ಕಡೆಯಿಂದ ಹೊತ್ತುಕೊಂಡಿದ್ದವರು ಮುಖಾಮುಖಿಯಾದರು. ಅವಳು ತೂತಿನ ಕತೆ ಹೇಳಿದಳು. ಅವನು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. "ಕಾರಿನ ಕಿಟಕಿ ಇಳಿಸಿಕೊಂಡು ಸೇದ್ತಿದ್ರು. ಯಾರಾದ್ರೂ ಕೈಬೀಸಿದ್ರೆ ಸಟ್ಟಂತ ಕೋಟಿನೊಳಗೆ ಬಚ್ಚಿಡ್ತಿದ್ರು. ಎಷ್ಟು ಸಲ ಹೇಳಿದ್ದೆ ಸುಟ್ಟುಕೊಳ್ತೀರಿ ಅಂತ."

"ನಾನು ಹೇಳಿಬಿಡ್ತೀನಿ," ಎಂದಳು ರಫೂ ಅಕ್ಕ.

"ಬೇಡಿ." ಅವನು ಎದ್ದೇ ನಿಂತ. "ಹೇಳಿದ್ರೆ ನನ್ನನ್ನ ಬಿಡ್ತಾರೆ, ಅವರನ್ನ ಹಿಡ್ಕೊಳ್ತಾರೆ. ನಾನು ಅವರ ಉಪ್ಪು ತಿಂದೋನು. ನನಗೆ ಬೈದ್ರೆ ನನಗೆ ಕೇಳಿಸುತ್ತೆ, ತಡ್ಕೋತೀನಿ. ಸತ್ತೋರು ಏನು ಮಾಡ್ತಾರೆ?"

ಅವಳು ಬಾಯಿ ಮುಚ್ಚಿಕೊಂಡಳು. ಉಣ್ಣೆಯಂಗಿಯ ತೋಳು ಸೇರಿಸಿ ಇಟ್ಟಳು. ಅದನ್ನು ತೆಗೆದುಕೊಂಡು ಹೋಗಲು ಅವನು ಬರಲಿಲ್ಲ. ಹಾಡಹಗಲೇ ಬಸ್‌ ನಿಲ್ದಾಣದ ಮೆಟ್ಟಿಲ ಮೇಲಿಂದ ಯಾರೋ ಅವನನ್ನು ತಳ್ಳಿದ್ದರು. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ. ನೂರು ಜನ ನೋಡುತ್ತಿದ್ದರಂತೆ. ತಳ್ಳಿದವರು ಯಾರೆಂದು ಒಬ್ಬರಿಗೂ ಗೊತ್ತಿಲ್ಲವಂತೆ.

ಸುದ್ದಿ ತಿಳಿದ ದಿನ ರಫೂ ಅಕ್ಕ ಹಿಂದಿನ ಕೋಣೆಗೆ ಹೋದಳು. ಮೈದುನ ಸೀಮೆಎಣ್ಣೆ ಬಟ್ಟೆಯಿಂದ ರೋಲರು ಒರೆಸುತ್ತಿದ್ದ. ಅವನ ಮುಖವೂ ಕಳೆಗುಂದಿತ್ತು.

"ನಾವು ತಳ್ಳಿ ಅಂತ ಬರೆದಿರಲಿಲ್ಲ ಅತ್ತಿಗೆ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ.

"ಎಲ್ಲಿ ಸಿಗ್ತಾನೆ ಅಂತ ನೀನೇ ಬರೆದಿದ್ದೆ."

ಅವನು ಒರೆಸಿದ ರೋಲರನ್ನೇ ಮತ್ತೆ ಒರೆಸತೊಡಗಿದ.

"ಆ ತೂತು ಗುಂಡಿನದಲ್ಲ, ಸಿಗರೇಟಿನದು. ರಫೂ ಹಾಕಿದವಳು ನಾನು. ಅವರು ಹೋಗೋಕೆ ನಾಲ್ಕು ತಿಂಗಳು ಮುಂಚೆ."

"ಯಾರ ಸಿಗರೇಟು?"

"ಅವರದೇ."

ಮೈದುನ ನಕ್ಕ. "ಜ್ವರ ಗಿರ ಬಂದಿದೆಯಾ ನಿಮಗೆ?" ಆಮೇಲೆ ಅವಳ ಮುಖ ನೋಡಿದ. ಬಟ್ಟೆ ಕೆಳಗಿಟ್ಟ. "ಇಷ್ಟು ವರ್ಷ ಬಾಯಿ ಬಿಡದೇ ಇದ್ದೋರು ಈಗ ಯಾಕೆ ಬಿಡ್ತಾ ಇದೀರಿ? ಯಾರು ಬಂದಿದ್ರು ನಿಮ್ಮ ಹತ್ರ?"

"ಯಾರೂ ಹೇಳಿಕೊಟ್ಟಿಲ್ಲ."

"ನಾನು ಸೇದೋದು ಬಿಟ್ಟಿದ್ದು ಯಾರ ಮಾತು ಕೇಳಿ? ನಿಮಗೆ ನೆನಪಿದೆಯಾ? ಹದಿನೆಂಟು ವರ್ಷದ ಚಟ. ಮಗು ಶಾಲೆಯಿಂದ ಬಂದು, ಕಿರಿರಾಣಿ ಹೇಳಿದಾರೆ ಚಿಕ್ಕಪ್ಪ, ಅಂತು. ಅವತ್ತೇ ಬಿಸಾಕಿದೆ. ಇದನ್ನೂ ಕಿತ್ಕೊಂಡ್ರೆ ನನಗೇನು ಉಳಿಯುತ್ತೆ ಅತ್ತಿಗೆ?"

ಅವಳಿಗೆ ಅವನ ತಲೆ ಸವರಬೇಕು ಎನ್ನಿಸಿತು. ಸವರಲಿಲ್ಲ. ಅದೇ ವಾರ ಮ್ಯೂಸಿಯಮ್ಮಿನ ಮೇಲ್ವಿಚಾರಕಿಗೆ ಪತ್ರ ಬರೆದಳು.

ಗಾಜಿನ ಪೆಟ್ಟಿಗೆ ತೆರೆದದ್ದು ಒಂದು ಬುಧವಾರ ಬೆಳಗ್ಗೆ. ಕೈಗವಸು ತೊಟ್ಟ ಮೇಲ್ವಿಚಾರಕಿ, ಮೂವರು ಪತ್ರಿಕೆಯವರು, ಸಭೆಯ ಕಡೆಯಿಂದ ಮೈದುನ. ರಫೂ ಅಕ್ಕ ತನ್ನ ಚೀಲದಿಂದ ನೂಲಿನ ಸಣ್ಣ ಉಂಡೆಯೊಂದನ್ನು ತೆಗೆದಳು. ಅಂದು ಬಣ್ಣ ಕಟ್ಟಿ ಉಳಿದದ್ದು. ಕಲೆಯ ಪಕ್ಕಕ್ಕೆ ಹಿಡಿದಾಗ ನೂಲು ಯಾವುದು ಕಲೆ ಯಾವುದು ತಿಳಿಯದಂತೆ ಕೂಡಿಕೊಂಡಿತು. ಆಮೇಲೆ ಅವಳು ಕಿರಿರಾಣಿಯ ಸಿಗರೇಟಿನ ಕತೆ ಎಲ್ಲರ ಮುಂದೆ ಹೇಳಿ, ಕೋಟಿನ ಒಳಗನ್ನು ತಿರುಗಿಸಲು ಕೇಳಿದಳು.

"ಗುಂಡಾಗಿದ್ರೆ ಅಸ್ತರನ್ನೂ ಸೀಳ್ಕೊಂಡು ಹೋಗಬೇಕಿತ್ತು. ನೋಡಿ."

ಕಲೆಯ ಹಿಂದೆ, ಒಳಗಿನ ರೇಷ್ಮೆಯ ಅಸ್ತರು ಅಖಂಡವಾಗಿತ್ತು. ಒಂದು ಎಳೆಯೂ ಮುರಿದಿರಲಿಲ್ಲ. ಅದರ ಮೇಲೆ ಕಾವು ತಗುಲಿದ ಕಂದು ಗುರುತು ಮಾತ್ರ ಇತ್ತು, ಕಾಫಿ ತೊಟ್ಟಿಕ್ಕಿದ ಹಾಗೆ. ಮೇಲ್ವಿಚಾರಕಿ ಉದ್ದಕ್ಕೆ ಉಸಿರುಬಿಟ್ಟಳು. ಪತ್ರಿಕೆಯವರು ಫೋಟೋ ತೆಗೆದರು. ಮೈದುನ ಬಗ್ಗಿ ನೋಡಿದ, ಭೂತಗನ್ನಡಿ ಹಿಡಿದು ಮತ್ತೆ ನೋಡಿದ. ಆಮೇಲೆ ಹೊರಗೆ ನಡೆದ.

ಎರಡು ದಿನ ಊರು ಮೌನವಾಗಿತ್ತು. ರಫೂ ಅಕ್ಕನಿಗೆ ಎದೆಯ ಮೇಲಿಂದ ಕಲ್ಲು ಎತ್ತಿಟ್ಟ ಹಾಗಾಗಿತ್ತು. ಮೂರನೆಯ ದಿನ ಯಾರೋ ಒಂದು ಪ್ರಶ್ನೆ ಹಾಕಿದರು. ಅಸ್ತರು ಹಳೆಯದೇ ಅಂತ ಹೇಗೆ ಗೊತ್ತು? ಬದಲಾಯಿಸಿರಬಾರದೇಕೆ? ಯಾರಿಗೂ ಕಾಣದ ಹಾಗೆ ಅಂಥ ಕೆಲಸ ಮಾಡಬಲ್ಲವರು ಈ ಊರಲ್ಲಿ ಎಷ್ಟು ಜನ ಇದ್ದಾರೆ?

ಒಬ್ಬಳೇ ಇದ್ದಳು.

ಅಲ್ಲಿಗೆ ಎಲ್ಲವೂ ತಟ್ಟನೆ ತಿರುಗಿ ನಿಂತಿತು. ಮೊದಲು ಗೊತ್ತಿಲ್ಲ ಅಂದವಳು ಆಮೇಲೆ ನಾನೇ ಅಂದದ್ದು ಯಾಕೆ? ಅರಮನೆಯ ಹಿಂಬಾಗಿಲಿಂದ ಹೋಗಿಬರುತ್ತಿದ್ದವಳಲ್ಲವೆ? ಸತ್ತ ದೇವತೆಯಂಥವಳ ಬಾಯಿಗೆ ಸಿಗರೇಟು ಇಡಲು ಈ ಹೆಂಗಸಿಗೆ ನಾಲಿಗೆ ಹೇಗೆ ಬಂತು? ಕೊಲೆಯಾಗಿದೆ ಎಂದು ನಂಬಿದವರು ಅವಳನ್ನು ಕೊಲೆಗಾರರ ಪೈಕಿ ಎಂದರು. ಕೊಲೆಯಾಗಿಲ್ಲ ಎಂದು ನಂಬಿದವರೂ ಹೆಸರಿಗೆ ಮಸಿ ಬಳಿದಳು ಎಂದರು. ಒಂದು ಬೆಳಗ್ಗೆ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ನಿನ್ನ ನಾಲಿಗೆಗೂ ರಫೂ ಹಾಕ್ಕೋ. ಅವಳು ಒದ್ದೆ ಬಟ್ಟೆಯಿಂದ ಒರೆಸಿದಳು. ಮಾರನೆಯ ದಿನ ಅದನ್ನೇ ಬಣ್ಣದಲ್ಲಿ ಬರೆದಿದ್ದರು.

ಮಗಳು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮುಖ್ಯೋಪಾಧ್ಯಾಯಿನಿ ಕರೆದು, ಸ್ವಲ್ಪ ದಿನ ಮನೆಯಲ್ಲಿರಮ್ಮ, ತಂದೆತಾಯಿಗಳು ಗಲಾಟೆ ಮಾಡ್ತಿದಾರೆ ಎಂದರು. ಸ್ವಲ್ಪ ದಿನ ಎರಡು ತಿಂಗಳಾಯಿತು. ಕೊನೆಗೆ ದೂರದ ಊರಿನಲ್ಲಿ ಕೆಲಸ ಹುಡುಕಿಕೊಂಡು ಅವಳು ಪೆಟ್ಟಿಗೆ ಕಟ್ಟಿದಳು.

"ನೀನೂ ಬಾ ಅಮ್ಮ. ಇಲ್ಲೇನಿದೆ?"

"ಹೋದ್ರೆ ಓಡಿಹೋದ್ಲು ಅಂತಾರೆ."

"ಅಂದ್ಕೊಳ್ಳಲಿ."

"ಹಾಗಂತ ಬರೀತಾರೆ. ಬರೆದದ್ದು ನಿಲ್ಲುತ್ತೆ ಕಣೆ. ನಾನು ಹೇಳಿದ್ದು ಸುಳ್ಳಾದ್ರೆ ಆ ಮನುಷ್ಯನ್ನ ಮತ್ತೆ ಹಿಡ್ಕೊಳ್ತಾರೆ."

ಮಗಳಿಗೆ ಅಳು ಬಂತು, ಸಿಟ್ಟೂ ಬಂತು. "ಯಾರೋ ಒಬ್ಬರಿಗೋಸ್ಕರ ಮನೆಯವರ ಬದುಕೆಲ್ಲ ಹಾಳು ಮಾಡಿದೆ," ಎಂದು ಹೇಳಿ, ಹೇಳಿದ್ದಕ್ಕೆ ತಾನೇ ನೊಂದು, ತಾಯಿಯನ್ನು ತಬ್ಬಿ ಹೊರಟುಹೋದಳು.

ಮನೆಯಲ್ಲಿ ಉಳಿದವರು ಅತ್ತಿಗೆ, ಮೈದುನ ಇಬ್ಬರೇ. ಅವನು ಪುಸ್ತಿಕೆ ಅಚ್ಚು ಹಾಕುವುದನ್ನು ನಿಲ್ಲಿಸಿದ್ದ. ಅಸ್ತರು ಬದಲಾಯಿಸಿದ್ದಾರೆಂದು ಅಚ್ಚುಹಾಕಿಕೊಡು ಎಂದು ಸಭೆಯವರು ಬಂದಾಗ ಆಗಲ್ಲ ಎಂದ. ಅವರು ಇನ್ನೊಂದು ಕಡೆ ಅಚ್ಚು ಹಾಕಿಸಿಕೊಂಡರು. ಅಷ್ಟಕ್ಕೆ ರಫೂ ಅಕ್ಕ ಮನಸ್ಸಿನಲ್ಲೇ ಕೈಮುಗಿದಿದ್ದಳು. ಆದರೆ ಒಂದು ದಿನ ಊಟಕ್ಕೆ ಕೂತಾಗ ಅವನು ತಟ್ಟೆಯಿಂದ ಕಣ್ಣೆತ್ತದೆ ಕೇಳಿದ.

"ಅಸ್ತರು ನಾನೇ ಕಣ್ಣಾರೆ ನೋಡಿದೆ ಅತ್ತಿಗೆ. ಆದ್ರೆ ನೀವು ಮನಸ್ಸು ಮಾಡಿ ಹೊಲಿದ್ರೆ, ಯಾರಿಗೂ ಗೊತ್ತಾಗಲ್ಲ, ಅಲ್ವಾ?"

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಗೊತ್ತಾಗುತ್ತೆ ಎಂದರೆ ಮೂವತ್ತು ವರ್ಷದ ಕಸುಬಿಗೆ ಸುಳ್ಳು. ಗೊತ್ತಾಗಲ್ಲ ಎಂದರೆ ತನಗೆ ತಾನೇ ಸಂಕೋಲೆ.

"ಗೊತ್ತಾಗಲ್ಲ," ಎಂದಳು.

ಅವನು ತಲೆಯಾಡಿಸಿ ಊಟ ಮುಂದುವರಿಸಿದ.

ಬೀದಿಯಲ್ಲಿ ಹೊಸ ದಂಧೆ ಶುರುವಾಗಿತ್ತು. ಕಿರಿರಾಣಿಯ ಜಾಗಗಳನ್ನು ತೋರಿಸುವವರು ಹೊರಗಿನಿಂದ ಬಂದ ಜನರನ್ನು ಗುಂಪುಗುಂಪಾಗಿ ಕರೆತರುತ್ತಿದ್ದರು. "ಅದೇ ಕಿಟಕಿ," ಎಂದು ಕೈ ತೋರಿಸುತ್ತಿದ್ದರು. ಮುಖಗಳು ಗಾಜಿಗೆ ಒತ್ತಿಕೊಳ್ಳುತ್ತಿದ್ದವು. ರಫೂ ಅಕ್ಕ ದಪ್ಪನೆಯ ಪರದೆ ಎಳೆದಳು. ಪರದೆ ಎಳೆದರೆ ಬೆಳಕಿಲ್ಲ. ಹಗಲು ಬೆಳಕಿಲ್ಲದೆ ಬಣ್ಣಕ್ಕೆ ಬಣ್ಣ ಕೂಡಿಸುವುದು ಸಾಧ್ಯವಿಲ್ಲ. ದೀಪದ ಕೆಳಗೆ ಹೊಂದಿದ ನೂಲು ಬೀದಿಗೆ ಹೋದರೆ ಬೇರೆಯೇ ಆಗಿಬಿಡುತ್ತದೆ. ಇನ್ನೂ ಬರುತ್ತಿದ್ದ ನಾಲ್ಕಾರು ಗಿರಾಕಿಗಳ ಬಟ್ಟೆಗಳನ್ನೂ ಅವಳು ಮಾಡಲಾರದೆ ಮಡಿಸಿಟ್ಟಳು. ಹಾಲು, ತರಕಾರಿಗೆ ಮೈದುನ ಹೋಗುತ್ತಿದ್ದ. ಅವಳು ಹೊಸ್ತಿಲು ದಾಟಿ ಎಷ್ಟು ವಾರವಾಯಿತೆಂಬ ಲೆಕ್ಕ ತಪ್ಪಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಗೂ ಇಷ್ಟು ಹೊತ್ತು ಕಾಯುವ ಕರ್ಮವಿರಲಿಲ್ಲ.

ಅಂಗರಕ್ಷಕ ಬಂದದ್ದು ಆಗ. ಊರುಗೋಲಿನಲ್ಲಿ, ಹಗಲಿನಲ್ಲಿ, ಮುಂಬಾಗಿಲಿನಿಂದಲೇ ಬಂದ. ಈಗ ಅವನ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಒಬ್ಬ ಕ್ಷಮಿಸಿ ಅಣ್ಣ ಎಂದು ಚೀಲ ಹೊತ್ತುಕೊಟ್ಟಿದ್ದನಂತೆ. ಅದನ್ನು ಹೇಳಿ ಅವನು ತಲೆ ತಗ್ಗಿಸಿದ.

"ನನ್ನ ಜಾಗಕ್ಕೆ ನಿಮ್ಮನ್ನ ಕೂರಿಸಿಬಿಟ್ಟೆ ಅಕ್ಕ."

"ನಾನೇ ಬಂದು ಕೂತದ್ದು. ಉಣ್ಣೆಯಂಗಿ ಹಾಕ್ಕೊಂಡು ನೋಡಿ, ತೋಳು ಸರಿಯಾಗಿದೆಯಾ."

ಅವನು ಹಾಕಿಕೊಂಡ. ಮಬ್ಬುಗತ್ತಲಿನ ಆ ಕೋಣೆಯಲ್ಲಿ ಇಬ್ಬರೂ ಕೂತು ಕಿರಿರಾಣಿಯ ಮಾತಾಡಿದರು. ಕಾರಿನಲ್ಲಿ ಆಕೆ ಭಾಷಣ ಬಾಯಿಪಾಠ ಮಾಡುತ್ತ ನಡುವೆ ಮರೆತು ಚಾಲಕನನ್ನೇ ಕೇಳುತ್ತಿದ್ದುದು, ಬಿಗಿ ಚಪ್ಪಲಿಯನ್ನು ಕಾರಿನಲ್ಲೇ ಕಳಚಿ ಇಳಿಯುವಾಗ ಒಂದು ಸಿಗದೆ ಒದ್ದಾಡುತ್ತಿದ್ದುದು. ರಫೂ ಅಕ್ಕ ನಕ್ಕಳು. ತನ್ನ ನಗುವಿನ ಸದ್ದು ಕೇಳಿ ತಾನೇ ಬೆಚ್ಚಿದಳು.

ನಡುಮನೆಯ ಬಾಗಿಲಲ್ಲಿ ಮೈದುನ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅಂಗರಕ್ಷಕ ಅವನನ್ನು ಕಂಡು ಊರುಗೋಲಿಗೆ ಕೈಹಾಕಿದ. ಮೈದುನ ಒಳಗೆ ಬರಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ಕೇಳಿದ.

"ದಿನಕ್ಕೆ ಎಷ್ಟು ಸೇದ್ತಿದ್ರು?"

ಅಂಗರಕ್ಷಕ ಅವಳ ಮುಖ ನೋಡಿದ. ಅವಳು ಹೇಳಿ ಎಂಬಂತೆ ಕಣ್ಣು ಮುಚ್ಚಿ ತೆರೆದಳು.

"ಮೂರು. ಭಾಷಣ ಇದ್ದ ದಿನ ಐದು. ತುಂಬಾ ಹೆದರ್ತಿದ್ರು ಜನರನ್ನ ಕಂಡ್ರೆ."

"ಹೆದರ್ತಿದ್ರಾ?"

"ಕೈ ನಡುಗೋದು. ಅದಕ್ಕೇ ಸಿಕ್ಕಸಿಕ್ಕವರ ಕೈ ಹಿಡಿದು ಕುಲುಕೋರು. ಹಿಡ್ಕೊಂಡಿದ್ರೆ ನಡುಗೋದು ಕಾಣಲ್ಲ ಅಂತ."

ಮೈದುನ ತನ್ನ ಬಲಗೈಯನ್ನು ಒಂದು ಕ್ಷಣ ನೋಡಿಕೊಂಡು, ಹಿಂದಿನ ಕೋಣೆಗೆ ಹೋದ.

ಮಾರನೆಯ ಬೆಳಗ್ಗೆ ರಫೂ ಅಕ್ಕನಿಗೆ ಎಚ್ಚರವಾದದ್ದು ಏನನ್ನೋ ಎಳೆಯುವ ಸದ್ದಿಗೆ. ಮುದ್ರಣದ ಕೋಣೆಯಲ್ಲಿ, ಮಾಡಿಗೆ ಗಾಜಿನ ಹೆಂಚು ಹಾಕಿದ್ದ ಜಾಗದ ಕೆಳಗೆ, ಆಳೆತ್ತರಕ್ಕೆ ಪೇರಿಸಿಟ್ಟಿದ್ದ ಪುಸ್ತಿಕೆಯ ಕಟ್ಟುಗಳನ್ನು ಮೈದುನ ಒಂದೊಂದಾಗಿ ಹಿತ್ತಲಿಗೆ ಹೊರುತ್ತಿದ್ದ. ಬೆನ್ನು ಬೆವತಿತ್ತು. ಅವಳು ಸಹಾಯಕ್ಕೆ ಹೋದರೆ ಬೇಡ ಎಂದ. ಜಾಗ ಖಾಲಿಯಾದ ಮೇಲೆ ನೆಲ ಗುಡಿಸಿದ, ಮುಂದಿನ ಕೋಣೆಯಿಂದ ಅವಳ ಮೇಜನ್ನು ತಂದು ಆ ಬೆಳಕಿನ ಚೌಕದಲ್ಲಿ ಸರಿಯಾಗಿ ಇಟ್ಟ. ನೂಲಿನ ಹಲಗೆಗಳನ್ನು ಹತ್ತಿರದ ಗೋಡೆಗೆ ಹೊಡೆದ. ಅವಳ ಮಾತನ್ನು ನಂಬಿದೆ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಇಲ್ಲಿ ಯಾರೂ ಇಣುಕಲ್ಲ," ಎಂದಷ್ಟೇ ಹೇಳಿ ಮೊಳೆಗಳನ್ನು ಡಬ್ಬಿಗೆ ಹಾಕಿದ.

ಅವಳು ಕೂತಳು. ತಿಂಗಳುಗಳಿಂದ ಮಡಿಸಿಟ್ಟಿದ್ದ ಬೂದುಬಣ್ಣದ ಪ್ಯಾಂಟೊಂದನ್ನು ಬಿಡಿಸಿ, ಮೊಣಕಾಲಿನ ಹರಕನ್ನು ಬೆಳಕಿಗೆ ಹಿಡಿದಳು. ನೂಲು ಆರಿಸಿಕೊಂಡಳು. ಮುಂದಿನ ಕೋಣೆಯಾಚೆ, ಬೀದಿಯಲ್ಲಿ, ದಿನದ ಮೊದಲ ಗುಂಪು ಬಂದು ನಿಂತ ಸದ್ದು ಕೇಳಿಸಿತು. ತೋರಿಸುವವನು ದನಿ ಏರಿಸಿದ. ಮುಂಬಾಗಿಲಿನ ಚಿಲಕ ಹಾಕಿದೆಯೋ ಎಂದು ಮೈದುನ ಒಮ್ಮೆ ನೋಡಿ ಬಂದ. ಹಾಕಿತ್ತು. ಅವಳು ಸೂಜಿಗೆ ದಾರ ಪೋಣಿಸಿದಳು.